ಎರಡು ಸಲ ಬೇಡವೆನ್ನುವ ಸಿಗ್ರಿಡ್

ಅಂಗಡಿಯವನಾದ ನನ್ನ ಕಣ್ಣಿಗೆ ಸಿಗ್ರಿಡ್ ಟೊಲೆಫ್ಸನ್ ಹೊರಮೈ ಸವೆದ, ಒಳಗಟ್ಟಿಯಾದ ಸರಕು: ಬಾಗಿಲ ಚೌಕಟ್ಟಿಗೆ ತಲೆ ತಾಗುವ ಎತ್ತರ, ಹಿಮದಲ್ಲಿ ಸ್ಟ್ರೆಚರ್ ಎಳೆದೆಳೆದು ಎಡಕ್ಕೆ ವಾಲಿದ ನಡಿಗೆ, ತೋಳು ಹರಿದಲ್ಲೆಲ್ಲ ಸಿಕ್ಕಿದ ಬಣ್ಣದ ದಾರದಿಂದ ಹೊಲಿದುಕೊಂಡ ಕಿತ್ತಳೆ ಕೋಟು. ನಮ್ಮೂರ ಆಂಬುಲೆನ್ಸಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವವಳು ಅವಳೇ. ಅಮೆರಿಕದ ಡಕೋಟಾದ ಈ ಬಯಲಿನಲ್ಲಿ ಕೊಟ್ಟದ್ದನ್ನು ಮೊದಲ ಮಾತಿಗೇ ತೆಗೆದುಕೊಳ್ಳುವವರಿಲ್ಲ. ಎರಡು ಸಲ ಬೇಡವೆಂದು ಮೂರನೆಯ ಒತ್ತಾಯಕ್ಕೆ ಮಣಿಯುವುದೇ ಇಲ್ಲಿಯ ಮರ್ಯಾದೆ. ಆ ಮರ್ಯಾದೆಯ ಮೂರ್ತರೂಪವಾದ ಸಿಗ್ರಿಡ್‌ಳಿಗೆ ಒಂದು ಲೋಟ ಕಾಫಿ ಕುಡಿಸಿ ಮುಗಿಸುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತದೆ.

ಇಂಥವಳಿಗೆ ನಡುಹರೆಯದಲ್ಲಿ ಫಿಜಿಷಿಯನ್ ಅಸಿಸ್ಟೆಂಟ್ ಆಗುವ ಹುಕಿ ಹತ್ತಿತು. ವೈದ್ಯರ ಜೊತೆಗೂಡಿ ರೋಗ ಗುರುತಿಸಿ ಮದ್ದು ಬರೆಯುವ ಆ ಕಸುಬಿಗೆ ಸ್ನಾತಕೋತ್ತರ ಓದು ಬೇಕು. ಕಾಲೇಜು ಆರಿಸುವಾಗ ಅವಳು ನಡೆಸಿದ ವಿಚಾರಣೆ ಕಂಡು ನನಗೆ ಹೊಟ್ಟೆಕಿಚ್ಚಾಯಿತು: ಪಾಸಾದವರನ್ನು ಬಿಟ್ಟು, ಓದನ್ನು ಅರ್ಧಕ್ಕೇ ಬಿಟ್ಟವರನ್ನು ಹುಡುಕಿ ಫೋನು ಮಾಡುತ್ತಿದ್ದಳು. ಮಾಲು ಹಿಂದಿರುಗಿಸಿದ ಗಿರಾಕಿಯ ಬಾಯಲ್ಲೇ ನಿಜವಿರುತ್ತದೆ ಎಂದು ನಾನು ಕಲಿಯಲು ಅರ್ಧ ಆಯುಸ್ಸು ಹಿಡಿದಿತ್ತು. ಮಹಾನಗರದ ಹೆಸರಾಂತ ವಿಶ್ವವಿದ್ಯಾಲಯ ಸೀಟು ಕೊಟ್ಟಿತ್ತು. ಆದರೆ ಅಲ್ಲಿ ಆಸ್ಪತ್ರೆಯ ತರಬೇತಿಗೆ ವಿದ್ಯಾರ್ಥಿಗಳೇ ಬಾಗಿಲು ಬಾಗಿಲು ಅಲೆದು ಜಾಗ ಹುಡುಕಿಕೊಳ್ಳಬೇಕು. ಬೆಟ್ಟದ ಬುಡದ ಚಿಕ್ಕ ಕಾಲೇಜೊಂದು ತಾನೇ ಜಾಗ ಗೊತ್ತುಮಾಡಿ, ನಮ್ಮಂಥ ಊರುಗಳ ದವಾಖಾನೆಗೇ ಕಳಿಸುತ್ತದೆ. ಅವಳ ಮನಸ್ಸು ಅಲ್ಲಿತ್ತು. ಆದರೆ ಅಲ್ಲಿಂದ ಇನ್ನೂ ಕರೆ ಬಂದಿರಲಿಲ್ಲ, ನಗರದವರಿಗೆ ಆ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು.

ಅವಳು ಆಂಬುಲೆನ್ಸಿನ ಚಾಲಕ ಆರ್ವಿಡ್‌ನೊಂದಿಗೆ ನನ್ನ ಅಂಗಡಿಯಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ ಆರಿಸುತ್ತಿದ್ದಾಗ ಆ ಚಿಕ್ಕ ಕಾಲೇಜಿನಿಂದ ಫೋನು ಬಂತು. ಕೈಗವಸು ತೊಟ್ಟ ಬೆರಳಲ್ಲೇ ಒತ್ತಿದ್ದರಿಂದ ಸ್ಪೀಕರ್ ಆನ್ ಆಗಿ ಮಾತು ಅಂಗಡಿಗೆಲ್ಲ ಕೇಳಿಸಿತು.

"ಸಿಗ್ರಿಡ್, ನಮ್ಮ ಕಾಲೇಜಲ್ಲಿ ನಿಮಗೊಂದು ಸೀಟಿದೆ. ಬರ್ತೀರಾ?"

ಕಿವಿಯವರೆಗೆ ಕೆಂಪಾದ ಸಿಗ್ರಿಡ್ ಹೇಳಿದಳು: "ಅಯ್ಯೋ, ನನಗ್ಯಾಕೆ? ನನಗಿಂತ ಬೇಕಾಗಿರೋರು ಇರ್ತಾರೆ."

"ಖಂಡಿತಾನಾ?"

"ನನ್ ಬಗ್ಗೆ ತಲೆ ಕೆಡಿಸ್ಕೋಬೇಡಿ."

"ಸರಿ ಹಾಗಾದ್ರೆ, ಮುಂದಿನವ್ರನ್ನ ಕೇಳ್ತೀನಿ. ಒಳ್ಳೇದಾಗ್ಲಿ."

ಕರೆ ಕಡಿಯಿತು. ಸಿಗ್ರಿಡ್ ಮಾತ್ರ ಇನ್ನೂ ನಗುತ್ತ ನಿಂತಿದ್ದಳು.

"ಏನೇ ಮಾಡ್ದೆ?" ಎಂದ ಆರ್ವಿಡ್.

"ಇನ್ನೊಂದ್ಸಲ ಕೇಳ್ತಾರಲ್ಲ."

"ಮಾತಿನ ಧಾಟಿ ಕೇಳಿದ್ರೆ ಆಯಮ್ಮ ಟೆಕ್ಸಾಸಿನೋರು ಕಣೇ. ಅವ್ರು ಕೇಳೋದು ಒಂದೇ ಸಲ. ನಿಂಗೆ ಎರಡ್ಸಲ ಕೇಳಿದ್ದೇ ಪುಣ್ಯ."

ಅವಳ ಮುಖದ ರಕ್ತವೆಲ್ಲ ಇಳಿಯಿತು. ನಾನು ಫೋನನ್ನು ಅವಳ ಮುಂದೆ ತಳ್ಳಿದೆ. "ಬೇಕು ಅನ್ನು. ಹಿಂದೆ ಮುಂದೆ ಏನೂ ಸೇರಿಸ್ಬೇಡ."

ಆ ಕಡೆ ಎಂಗೇಜ್. ಮತ್ತೆ ಎಂಗೇಜ್. ಕೊನೆಗೆ ಎತ್ತಿದರು.

"ಬೇಕು," ಎಂದಳು ಸಿಗ್ರಿಡ್, ಬೆಂಕಿ ಬಿದ್ದಾಗ ನೀರು ಕೇಳುವವರ ಹಾಗೆ. ಒಂದು ಉಸಿರು ಬಿಟ್ಟು, "ನಿಮಗೇನೂ ತೊಂದ್ರೆ ಇಲ್ಲ ಅಂದ್ರೆ..." ಎನ್ನುವಷ್ಟರಲ್ಲಿ ಆರ್ವಿಡ್ ಅವಳ ಬಾಯಿ ಮುಚ್ಚಿದ.

ಆ ಕಡೆಯಾಕೆ ನಕ್ಕರು. "ಮುಂದಿನವ್ರು ಫೋನ್ ಎತ್ತಲೇ ಇಲ್ಲ. ಸೀಟು ನಿಮ್ದೇ."

ಸರಪಳಿಯನ್ನು ನನ್ನ ಕಾಲ ಮೇಲೇ ಬೀಳಿಸಿ ಅವಳು ಹೊರಗೋಡಿದಳು. ಹಾಡುಹಗಲಿನಲ್ಲಿ, ಯಾವ ರೋಗಿಯೂ ಇಲ್ಲದೆ, ಊರಿನ ಬೀದಿಯಲ್ಲಿ ಸೈರನ್ ಮೊಳಗಿತು.

ಇನ್ನೊಬ್ಬರ ಪಾಲಿಗೆ ಕೇಳುವ ಮೊದಲೇ ಓಡಿಬರುವ, ತಮ್ಮ ಪಾಲಿಗೆ ಮಾತ್ರ ಮೂರನೆಯ ಕರೆಗೆ ಕಾದು ನಿಲ್ಲುವ ಇಂಥವರ ಮೇಲೆ ಊರುಗಳು ನಿಂತಿರುತ್ತವೆ. ಅವರನ್ನು ಮೂರು ಸಲ ಕೇಳುವ ತಾಳ್ಮೆಯೊಂದು ನಮಗಿರಬೇಕು. ಹೋದ ಚಳಿಗಾಲ ಎದೆ ಹಿಡಿದುಕೊಂಡು ಗಲ್ಲೆಯ ಹಿಂದೆ ಕುಸಿದಿದ್ದಾಗ, ನಾನೂ ಈ ಊರವನೇ ಆಗಿಹೋಗಿ, "ಏನಿಲ್ಲ, ನೀನು ಹೋಗು" ಎಂದಿದ್ದೆ. ಸಿಗ್ರಿಡ್ ಎರಡನೆಯ ಸಲ ಕೇಳಲಿಲ್ಲ, ಎತ್ತಿಕೊಂಡು ಹೋದಳು. ನಾನು ಬದುಕಿರುವುದು ಅವಳಿಂದ.