ಕಟಿಂಗ್ ಮಾಸ್ಟರ್ ಗಿರಾಕಿಯಾದ ದಿನ

ಮೂವತ್ತೆಂಟು ವರ್ಷ ಕೋಟುಗಳಿಗೆ ಬಟ್ಟೆ ಕತ್ತರಿಸಿದ ಕಟಿಂಗ್ ಮಾಸ್ಟರಿಗೆ ತೇಪೆ ಎಂಬ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಅಂಥವರ ದೊಡ್ಡ ಕರುಳಿನೊಳಗೆ ನಾಲ್ಕು ಸೆಂಟಿಮೀಟರ್ ಅಗಲದ ಪಾಲಿಪ್ ಕಂಡಿತ್ತು. ಒಳಪದರದ ಮೇಲೆ ಚಾಪೆ ಹಾಸಿದ ಹಾಗೆ ಹರಡಿಕೊಂಡ ಗಡ್ಡೆ. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆದೀತು. ಮೊದಲು ನೋಡಿದ ಸರ್ಜನ್, ಹೊಟ್ಟೆ ಕೊಯ್ದು ಕರುಳಿನ ಅಷ್ಟು ಭಾಗವನ್ನೇ ತೆಗೆಯಬೇಕು ಎಂದುಬಿಟ್ಟಿದ್ದರು. ಅದೊಂದು ತಪ್ಪೀತೇ ಎಂದು ಕೇಳಲು ಗಂಡಹೆಂಡತಿ ಈ ಆಸ್ಪತ್ರೆಗೆ ಬಂದು ಕೂತಿದ್ದರು.

ಎದುರಿಗೆ ನರೆಗೂದಲಿನ ಡಾಕ್ಟರಮ್ಮ. ಪಕ್ಕದಲ್ಲಿ ಅವರ ಶಿಷ್ಯ, ಚಿಕ್ಕ ಡಾಕ್ಟರು.

"ಹೊಟ್ಟೆ ಕೊಯ್ಯೋದು ಬೇಡ," ಎಂದರು ಡಾಕ್ಟರಮ್ಮ. "ಮಲದ್ವಾರದಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ, ಗಡ್ಡೆ ಕೆಳಗೆ ನೀಲಿ ನೀರು ಚುಚ್ಚಿ ಉಬ್ಬಿಸ್ತೀವಿ. ತಂತಿ ಕುಣಿಕೆ ಬಿಗಿದು ತುಂಡು ತುಂಡಾಗಿ ತೆಗೀತೀವಿ. ಒಂದು ಗಂಟೆ ಕೆಲಸ."

ಮಾಸ್ಟರ ಮುಖ ಹುಳ್ಳಗಾಯಿತು. "ತುಂಡು ತುಂಡಾಗಿ ಯಾಕಮ್ಮ? ಇಡಿಯಾಗಿ ತೆಗೆಯೋ ದಾರಿ ಇಲ್ವಾ?"

ಚಿಕ್ಕ ಡಾಕ್ಟರಿಗೆ ಹುರುಪು ಬಂತು. "ಇದೆ ಸಾರ್. ಸಣ್ಣ ಚಾಕುವಲ್ಲಿ ಸುತ್ತ ಗೀರಿ ಅಡಿಯಿಂದ ಬಿಡಿಸ್ತಾ ಹೋದ್ರೆ ಒಂದೇ ಹಾಳೆ. ಅಂಚು ಪೂರ್ತಿ ಬಂತಾ ಅಂತ ಲ್ಯಾಬಲ್ಲಿ ಸರಿಯಾಗಿ ಗೊತ್ತಾಗುತ್ತೆ. ಮತ್ತೆ ಬೆಳೆಯೋದೂ ಕಮ್ಮಿ."

"ಹಾಗಾದ್ರೆ ಅದೇ ಮಾಡಿ."

ಹೆಂಡತಿ ಮೊಣಕೈಯಲ್ಲಿ ತಿವಿದಳು. "ರೀ, ಇವತ್ತು ನೀವು ಗಿರಾಕಿ. ಅವರು ಪೂರ್ತಿ ಹೇಳ್ಲಿ, ಸುಮ್ನೆ ಕೇಳಿ."

ಡಾಕ್ಟರಮ್ಮ ನಕ್ಕರು. "ಗಡ್ಡೆ ಎಲ್ಲಿದೆ ಅನ್ನೋದು ಮುಖ್ಯ, ಮಾಸ್ಟರ್. ನಿಮ್ಮದು ದೊಡ್ಡ ಕರುಳು ಶುರುವಾಗೋ ಜಾಗ, ಅಲ್ಲಿ ಗೋಡೆ ತೆಳು. ಇಡಿಯಾಗಿ ಬಿಡಿಸೋಕೆ ಮೂರು ಗಂಟೆ, ತೂತಾಗೋ ಭಯ ಜಾಸ್ತಿ. ತೂತು ಮುಚ್ಚೋಕಾಗ್ಲಿಲ್ಲ ಅಂದ್ರೆ ಹೊಟ್ಟೆ ಕೊಯ್ಯಲೇಬೇಕು. ಗಡ್ಡೆ ಆಳಕ್ಕಿಳಿದ ಅನುಮಾನ ಇದ್ದಿದ್ರೆ ನಾನೇ ಇವನ ಕೈಗೆ ಚಾಕು ಕೊಡ್ತಿದ್ದೆ. ಹಾಗೆ ಕಾಣ್ತಿಲ್ಲ. ತುಂಡಾಗಿ ತೆಗೆದ್ರೆ ಅಂಚಲ್ಲಿ ಚೂರು ಉಳೀಬಹುದು, ಅದಕ್ಕೆ ಸುತ್ತ ಸುಡ್ತೀವಿ. ಆರು ತಿಂಗಳಿಗೆ ಬಂದು ತೋರಿಸ್ಬೇಕು, ಅಷ್ಟೇ."

"ತೆಳು ಅಂದ್ರೆ ಎಷ್ಟು?"

"ನಿಮ್ಮ ಕೋಟಿನ ಲೈನಿಂಗ್ ಒದ್ದೆಯಾದ್ರೆ ಹೇಗಿರುತ್ತೆ? ಹಾಗೆ ಅಂದ್ಕೊಳ್ಳಿ."

ಮಾಸ್ಟರ್ ತಮ್ಮ ಬೆರಳುಗಳನ್ನೇ ನೋಡುತ್ತ ಕೂತರು. ಒದ್ದೆ ಲೈನಿಂಗಿಗೆ ಅಂಟಿಕೊಂಡ ಬಟ್ಟೆಯನ್ನು ಒಂದೇ ಸಲಕ್ಕೆ ಎಬ್ಬಿಸಲು ಹೋಗಿ ಎಷ್ಟು ಕೋಟು ಹರಿದಿದ್ದರೋ, ಆ ಬೆರಳಿಗೇ ಗೊತ್ತು. "ಅದನ್ನ ನಾನೂ ಒಟ್ಟಿಗೇ ಎಬ್ಬಿಸಲ್ಲಮ್ಮ," ಎಂದರು ಕೊನೆಗೆ. "ಬೆರಳಗಲ, ಬೆರಳಗಲ. ಆಗ್ಲಿ, ತುಂಡಾಗೇ ತೆಗೀರಿ."

ಗಡ್ಡೆ ತೆಗೆಯುವ ದಿನ ಅರೆಮಂಪರಿನಲ್ಲೇ ಮಾಸ್ಟರ್ ಪರದೆ ನೋಡುತ್ತ ಮಲಗಿದ್ದರು. ನೀಲಿ ದಿಂಬು ಉಬ್ಬಿತು. ಕುಣಿಕೆ ಬಿಗಿಯಿತು, ಒಂದು ತುಂಡು ಬಿತ್ತು. ಮತ್ತೊಂದು. ಎಂಟನೆಯದೂ ಆಗಿ ಕೊಳವೆ ಆಚೆ ತಿರುಗುವಷ್ಟರಲ್ಲಿ ಮಂಚದಿಂದ ತೊದಲು ದನಿ ಕೇಳಿತು: "ಅಮ್ಮ, ಕೆಳಗಿನ ಮೂಲೇಲಿ ಒಂದು ಎಳೆ ಉಳೀತಲ್ಲ."

"ಅದನ್ನೇ ನೋಡ್ತಿದ್ದೆ, ಮಾಸ್ಟರ್."

"ನೀವು ಮೇಲೆ ನೋಡ್ತಿದ್ರಿ ಮೇಡಂ," ಎಂದಳು ನರ್ಸ್.

ಕೋಣೆಗೆ ಕೋಣೆಯೇ ನಕ್ಕಿತು. ಡಾಕ್ಟರಮ್ಮ ಕೊಳವೆ ಹಿಂದಕ್ಕೆ ತಿರುಗಿಸಿ ಆ ಚೂರನ್ನೂ ತೆಗೆದರು. ಅಂಚು ಸುಡುವ ಕೆಲಸ ಚಿಕ್ಕ ಡಾಕ್ಟರ ಪಾಲಿಗೆ ಬಂತು.

ತುಂಡುಗಳಲ್ಲಿ ಕ್ಯಾನ್ಸರ್ ಇಲ್ಲ ಎಂದು ಲ್ಯಾಬಿನಿಂದ ವಾರದಲ್ಲೇ ತಿಳಿಯಿತು. ಉಳಿದದ್ದು ಒಂದೇ ಪ್ರಶ್ನೆ: ಮತ್ತೆ ಬೆಳೆದೀತೇ?

ಆರು ತಿಂಗಳಾದ ಮೇಲೆ ಅದೇ ಪರದೆ. ಡಾಕ್ಟರಮ್ಮ ಬೆಳಕು ಬದಲಾಯಿಸಿ ಬದಲಾಯಿಸಿ ಹುಡುಕಿದರು. ಗಡ್ಡೆಯಿದ್ದ ಜಾಗದಲ್ಲಿ ತೆಳ್ಳನೆಯ ಬಿಳಿ ಕಲೆಯೊಂದೇ ಇತ್ತು.

"ಏನೂ ಇಲ್ಲ, ಮಾಸ್ಟರ್. ಪೂರ್ತಿ ಹೋಗಿದೆ."

ಮಾಸ್ಟರ್ ಕಣ್ಣು ಕಿರಿದು ಮಾಡಿ ನೋಡಿದರು. "ಹೊಲಿಗೇನೇ ಹಾಕದೆ ಕೂಡ್ಕೊಂಡಿದೆಯಲ್ಲ. ಇದನ್ನ ಯಾವ ಟೈಲರ್ ಮಾಡ್ದ?"

"ನೀವೇ. ನಿಮ್ಮ ಮೈ."

ಹೊರಗೆ ಹೆಂಡತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮಾಸ್ಟರ್ ಬಾಗಿಲಲ್ಲೇ ನಿಂತು, "ಹೊಟ್ಟೆಗೆ ಕತ್ತರಿ ಇಲ್ಲ ಕಣೇ," ಎಂದರು. "ಒಂದು ವರ್ಷ ಈ ಕಡೆ ತಲೆ ಹಾಕಬೇಡಿ ಅಂದ್ರು."

"ಅಲ್ಲೀವರೆಗೆ ನಿಮ್ಮನ್ನ ನಾನೇ ಸಹಿಸ್ಕೋಬೇಕಾ?" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅವರ ತೋಳು ಹಿಡಿದು, ಹೊಸದಾಗಿ ಮದುವೆಯಾದವಳ ಹಾಗೆ ಆಸ್ಪತ್ರೆಯ ಮೆಟ್ಟಿಲಿಳಿದಳು.