ತೃಪ್ತಿಯಾಗಿದ್ದರೆ ಒಂದನ್ನು ಒತ್ತಿ

ಫೋನಿನಲ್ಲಿ ಸುಳ್ಳು ಹೇಳುವುದರಲ್ಲಿ ದೊಡ್ಡಕ್ಕ ಎತ್ತಿದ ಕೈ. ಹನ್ನೊಂದು ವರ್ಷದಿಂದ ಅವಳಿಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಮಹಿಳಾ ಸಹಾಯವಾಣಿಯ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಎದುರು ಗೋಡೆಯ ಮೇಲೆ ಸರ್ಕಾರಿ ಇಲಾಖೆಯದೊಂದು ಫಲಕ, ಅದರ ಜೊತೆ ಕೈಜೋಡಿಸಿದ ಸಂಸ್ಥೆಯದೊಂದು ಫಲಕ. ಯಾರದು ಎಷ್ಟು ಎತ್ತರದಲ್ಲಿರಬೇಕು ಎಂದು ಇಬ್ಬರಿಗೂ ಒಂದು ವಾರ ಜಟಾಪಟಿ ನಡೆದು, ಕೊನೆಗೆ ಟೇಪು ಹಿಡಿದು ಅಳೆದು ಸಮಸಮವಾಗಿ ಮೊಳೆ ಹೊಡೆದಿದ್ದರು. ಅಷ್ಟು ಜಾಗರೂಕತೆ ಬೇರೆ ಕಡೆ ಇದ್ದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು ಅಲ್ಲಿಗೆ ಫೋನ್ ಮಾಡುತ್ತಾರೆ. ಅವರಿಗೆ ತಿರುಗಿ ಫೋನ್ ಮಾಡಬೇಕಾದಾಗ ಮಾತ್ರ ಸಹಾಯವಾಣಿಯ ಹೆಸರು ಬಾಯಿಗೆ ಬರಕೂಡದು. ಎತ್ತಿದವನು ಗಂಡನಾಗಿದ್ದರೆ ಅವಳ ಗತಿ ಅಷ್ಟೇ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ನೆಪ. ಒಬ್ಬಳಿಗೆ ದೊಡ್ಡಕ್ಕ ಶಾಲೆಯ ಗುಮಾಸ್ತೆ, ಇನ್ನೊಬ್ಬಳಿಗೆ ಔಷಧಿ ಅಂಗಡಿಯವಳು, ಮತ್ತೊಬ್ಬಳಿಗೆ ದೂರದ ಸೋದರತ್ತೆ. ಒಮ್ಮೆ ಒಬ್ಬ ಗಂಡ, "ಸೋದರತ್ತೆನಾ? ಅವ್ರು ಸತ್ತು ನಾಲ್ಕು ವರ್ಷ ಆಯ್ತಲ್ಲ!" ಎಂದು ಬೆಚ್ಚಿಬಿದ್ದಿದ್ದ. "ನಾನು ಅವಳ ತಂಗಿ ಕಣಪ್ಪ, ನಮ್ಮಿಬ್ಬರ ದನಿ ಒಂದೇ ಥರ," ಎಂದು ದೊಡ್ಡಕ್ಕ ತಡವರಿಸದೆ ಹೇಳಿ, ಆಮೇಲೆ ಸತ್ತವಳ ಬಗ್ಗೆ ಹತ್ತು ನಿಮಿಷ ಅವನ ಜೊತೆ ಲೊಚಗುಟ್ಟಿದ್ದಳು. ಕಚೇರಿಯಲ್ಲಿ ಇದನ್ನು ನೆನೆದು ಇವತ್ತಿಗೂ ನಗುತ್ತಾರೆ. ಅಥವಾ ಮೊನ್ನೆಯವರೆಗೆ ನಗುತ್ತಿದ್ದರು.

ಅವಳ ದನಿಯೇ ಹಾಗೆ. ಮನೆಯಲ್ಲಿ ಸಿಡುಕಿ, ಬಸ್ಸಿನಲ್ಲಿ ಜಗಳಗಂಟಿ; ಆದರೆ ಫೋನ್ ಕಿವಿಗಿಟ್ಟರೆ ಬೇರೆಯೇ ಹೆಂಗಸು. ಅಳುತ್ತಿದ್ದವರು ಆ ದನಿ ಕೇಳಿ ಅಳು ನಿಲ್ಲಿಸಿ ಹೆಸರು ಹೇಳುತ್ತಿದ್ದರು. ಮೂರು ವಾರದ ಹಿಂದೆ ಸಂಸ್ಥೆಯವರು ಅವಳನ್ನೇ ಆರಿಸಿ, ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಕೋಣೆಗೆ ಕರೆದೊಯ್ದು ನಾಲ್ಕು ಸಾಲು ಓದಿಸಿ ದನಿ ಮುದ್ರಿಸಿಕೊಂಡಿದ್ದರು. ‘ನಮಸ್ಕಾರ. ಮಹಿಳಾ ಸಹಾಯವಾಣಿ ಸದಾ ನಿಮ್ಮ ಜೊತೆಗಿದೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ. ತಂದಿಲ್ಲದಿದ್ದರೆ ಎರಡನ್ನು ಒತ್ತಿ.’ ಕೆಲಸ ಮುಗಿದು ಮುಚ್ಚಿದ ಫೈಲುಗಳವರಿಗೆ ಯಂತ್ರವೇ ಫೋನ್ ಮಾಡಿ ಇದನ್ನು ಕೇಳಿಸುತ್ತದಂತೆ. ಅವತ್ತು ಮನೆಗೆ ಬಂದು ತಂಗಿಯ ಮುಂದೆ ಆ ನಾಲ್ಕು ಸಾಲನ್ನು ಇನ್ನೊಮ್ಮೆ ಒಪ್ಪಿಸಿದ್ದಳು. "ಇನ್ಮೇಲೆ ಬೈಯೋದನ್ನೂ ರೆಕಾರ್ಡ್ ಮಾಡಿಟ್ಟುಬಿಡು ಅಕ್ಕ, ನಿನ್ನ ಗಂಟಲಾದ್ರೂ ಉಳಿಯುತ್ತೆ," ಎಂದು ತಂಗಿ ಕಾಲೆಳೆದಳು. ದೊಡ್ಡಕ್ಕ ಒಳಗೊಳಗೇ ಹಿಗ್ಗಿದ್ದಳು. ಹಿಗ್ಗಲಿ ಬಿಡಿ, ಹನ್ನೊಂದು ವರ್ಷದಲ್ಲಿ ಯಾರೂ ಅವಳನ್ನು ಯಾವುದಕ್ಕೂ ಆರಿಸಿರಲಿಲ್ಲ.

ದೊಡ್ಡಕ್ಕನಿಗೆ ಫೋನ್ ಮಾಡುವವರಲ್ಲಿ ಒಬ್ಬಳಿಗೆ ಕಚೇರಿಯಲ್ಲಿ ‘ನೀಲಿ ಫ್ರಾಕ್’ ಎಂದು ಹೆಸರು. ಅವಳ ನೆಪ ಟೈಲರ್ ಅಂಗಡಿ. ಮಗಳಿಗೆಂದು ಹೊಲಿಯಲು ಕೊಟ್ಟ ನೀಲಿ ಫ್ರಾಕು ಎಂಟು ತಿಂಗಳಾದರೂ ಮುಗಿಯದೆ ಎಳೆದಾಡುತ್ತಿತ್ತು. ಗಂಡ ಲಾರಿ ಓಡಿಸುವವನು. ಮಂಗಳವಾರ ಬೆಳಗ್ಗೆ ಲೋಡು ತುಂಬಲು ಹೋದರೆ ಎರಡು ತಾಸು ಇವಳಿಗೆ ಉಸಿರಾಡಲು ಬಿಡುವು. ಹನ್ನೊಂದಕ್ಕೆ ಸರಿಯಾಗಿ ಫೋನ್ ಬರುತ್ತಿತ್ತು. ಮೊದಲ ತಿಂಗಳು ಬರೀ ಅಳು, ಎರಡನೆಯ ತಿಂಗಳು ‘ತಪ್ಪು ನಂದೇ ಇರಬೇಕು’, ಆರನೆಯ ತಿಂಗಳಿಗೆ ಮಗುವಿನ ಜನನ ಪತ್ರ ಎಲ್ಲಿದೆ ಎಂದು ಹುಡುಕುವಷ್ಟು ಧೈರ್ಯ. ದೊಡ್ಡಕ್ಕ ಅವಳನ್ನು ಒಂದು ದಿನವೂ ನೋಡಿರಲಿಲ್ಲ. ಆದರೂ ಅವಳು ಕೆಮ್ಮಿದರೆ ಎದೆಗೆ ಹೊಡೆತ ಬಿದ್ದಿದೆಯೋ ಬರೀ ನೆಗಡಿಯೋ ಎಂದು ಹೇಳಬಲ್ಲವಳಾಗಿದ್ದಳು.

ಆ ಮಂಗಳವಾರ ಅವಳ ದನಿಯಲ್ಲಿ ನಡುಕವಿತ್ತು, ಆದರೆ ಭಯದ್ದಲ್ಲ.

"ಅಕ್ಕಾ, ಗುರುವಾರ ಬೆಳಗ್ಗೆ ಐದಕ್ಕೆ ಹೊರಡ್ತಾರಂತೆ. ಮೂರು ದಿನ ಬರಲ್ಲ."

"ಹಾಗಾದ್ರೆ ಹತ್ತು ಗಂಟೆಗೆ ಆಶ್ರಯ ಕೇಂದ್ರದ ಗಾಡಿ ಶಾಲೆ ಹಿಂದೆ ನಿಂತಿರುತ್ತೆ. ಬಿಳಿ ಗಾಡಿ. ಮಗುವನ್ನ ಶಾಲೆಗೆ ಬಿಡೋ ಥರ ಕೈ ಹಿಡ್ಕೊಂಡು ಬಾ. ಚೀಲ ಗೀಲ ಏನೂ ಬೇಡ."

"ಪಾಪು ಗೊಂಬೆ ಬೇಕು ಅಂತಾಳೆ."

"ಗೊಂಬೆ ತರ್ಲಿ ಬಿಡು, ಗೊಂಬೆ ಮೇಲೆ ಯಾರಿಗೆ ಅನುಮಾನ?"

ಅವಳು ನಕ್ಕಳು. ಎಂಟು ತಿಂಗಳಲ್ಲಿ ಮೊದಲ ಸಲ. "ಅಕ್ಕಾ, ನೀವು ಅಲ್ಲಿ ಇರ್ತೀರಾ? ನಿಮ್ಮನ್ನ ನೋಡ್ಬೇಕು ಅನ್ಸುತ್ತೆ."

"ಇರ್ತೀನಿ ಕಣೇ. ರಜೆ ಹಾಕಿಯಾದ್ರೂ ಇರ್ತೀನಿ."

ಫೋನಿಟ್ಟ ಮೇಲೆ ದೊಡ್ಡಕ್ಕನ ಕಾಲು ನೆಲದ ಮೇಲಿರಲಿಲ್ಲ. ಮಧ್ಯಾಹ್ನ ಮೇಲ್ವಿಚಾರಕಿ ಒಂದು ಪಟ್ಟಿ ಹಿಡಿದು ಮೇಜಿನ ಬಳಿ ಬಂದಾಗಲೂ ಅವಳು ಅದೇ ಖುಷಿಯಲ್ಲಿದ್ದಳು.

ಅದು ತಿಂಗಳ ಕೊನೆ. ಎಂಟು ತಿಂಗಳಾದರೂ ಮುಗಿಯದ ಫೈಲುಗಳು ವರದಿಯಲ್ಲಿ ಕೆಂಪಗೆ ಕಾಣುತ್ತವೆ. ಮೇಲಿನವರು ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂದು ಜೀವ ತಿನ್ನುತ್ತಾರೆ. ಒಬ್ಬ ಹೆಂಗಸಿಗೆ ಮನೆಯ ಹೊಸ್ತಿಲು ದಾಟುವ ಧೈರ್ಯ ಬರಲು ಎಷ್ಟು ದಿನ ಬೇಕೆಂದು ಆ ಮೇಲಿನವರಿಗೆ ಯಾರು ಹೇಳಬೇಕು? ಹಾಗಾಗಿ ಕಚೇರಿಯವರು ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಹಳೆಯ ಫೈಲುಗಳನ್ನೆಲ್ಲ ತಿಂಗಳ ಕೊನೆಗೆ ‘ಮುಗಿದಿದೆ’ ಎಂದು ಮುಚ್ಚುವುದು, ಒಂದನೇ ತಾರೀಖು ಹೊಸ ನಂಬರು ಕೊಟ್ಟು ಮತ್ತೆ ತೆರೆಯುವುದು. ಯಾರಿಗೂ ನಷ್ಟವಿಲ್ಲ, ವರದಿ ಹಸಿರು. ದೊಡ್ಡಕ್ಕ ಇದನ್ನು ಎಷ್ಟು ಸಲ ಮಾಡಿದ್ದಳೋ ಲೆಕ್ಕವಿಲ್ಲ.

"ನಿಮ್ಮದು ಹದಿನೈದು ಇದೆ ದೊಡ್ಡಕ್ಕ. ಸಂಜೆಯೊಳಗೆ ಮುಚ್ಚಿಬಿಡಿ," ಎಂದರು ಮೇಲ್ವಿಚಾರಕಿ.

ನೀಲಿ ಫ್ರಾಕಿನ ಫೈಲು ಒಂಬತ್ತನೆಯದು. ಕಂಪ್ಯೂಟರಿನ ತೆರೆ ಮೇಲೆ ಹೆಸರಿನ ಪಕ್ಕ ‘ಫೋನ್ ಮಾಡಬೇಡಿ’ ಎಂಬ ಕೆಂಪು ಗುರುತು ಮಿನುಗುತ್ತಿತ್ತು. ದೊಡ್ಡಕ್ಕ ಒಂದು ಕ್ಷಣ ತಡೆದಳು. ಗುರುವಾರ ಹೇಗೂ ಬಂದುಬಿಡುತ್ತಾಳೆ, ಆಮೇಲೆ ಮುಚ್ಚುವುದೇ ತಾನೇ, ಎರಡು ದಿನ ಮುಂಚೆ ಮುಚ್ಚಿದರೇನು ಎಂದುಕೊಂಡು ಗುಂಡಿ ಒತ್ತಿದಳು. ಫೈಲು ಮುಚ್ಚಿತು. ಮುಚ್ಚಿದ ಫೈಲಿಗೆ ಆ ಕೆಂಪು ಗುರುತು ಇರುವುದಿಲ್ಲ. ಮುಗಿದ ಕೆಲಸಕ್ಕೆ ಯಾರು ಫೋನ್ ಮಾಡುತ್ತಾರೆ ಎಂದು ಅದನ್ನು ಹಾಗೆ ಮಾಡಿಟ್ಟಿದ್ದರು.

ಅಯ್ಯೋ, ಎರಡೂ ಅವಳಿಗೆ ಗೊತ್ತಿದ್ದ ವಿಷಯವೇ. ಯಂತ್ರ ಮುಚ್ಚಿದ ಫೈಲುಗಳಿಗೆ ಫೋನ್ ಮಾಡುತ್ತದೆ ಎಂಬುದೂ ಗೊತ್ತಿತ್ತು, ತಾವು ಮುಗಿಯದ ಫೈಲುಗಳನ್ನು ಮುಚ್ಚುತ್ತೇವೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ, ಅಷ್ಟೇ. ಮೇಲ್ವಿಚಾರಕಿಯೂ ಯೋಚಿಸಲಿಲ್ಲ. ಸಂಸ್ಥೆಯವರಿಗೆ ಈ ಉಪಾಯವೇ ಗೊತ್ತಿರಲಿಲ್ಲ. ಅವರಿಂದ ಅದನ್ನು ಮುಚ್ಚಿಡುವುದರಲ್ಲಿ ಎಲ್ಲರೂ ಜಾಣರಾಗಿದ್ದರು.

ಬುಧವಾರ ಮಧ್ಯಾಹ್ನ ಮೂರಕ್ಕೆ ಸಂಸ್ಥೆಯ ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿಬಂದಳು. ಅವಳಿಗೆ ಎಲ್ಲರೂ ಪಟ್ಟಿ ಮೇಡಂ ಎನ್ನುತ್ತಿದ್ದರು. ಯಾವಾಗ ನೋಡಿದರೂ ಒಂದು ಪಟ್ಟಿ ಕೇಳುವವಳು, ಆದರೆ ಒಳ್ಳೆಯ ಹುಡುಗಿ.

"ಅಕ್ಕಾ, ನಿಮ್ಮ ದನಿ ಸೂಪರ್ ಹಿಟ್! ಮೊದಲನೇ ದಿನವೇ ಅರ್ಧಕ್ಕರ್ಧ ಜನ ಪೂರ್ತಿ ಕೇಳಿ ಉತ್ತರ ಒತ್ತಿದಾರೆ. ಹೆಚ್ಚಿನವರು ಒಂದೇ ಒತ್ತಿರೋದು!"

"ಮೊದಲನೇ ದಿನ ಅಂದ್ರೆ?" ದೊಡ್ಡಕ್ಕ ಲೋಟ ಕೆಳಗಿಟ್ಟಳು. "ಇವತ್ತಾ?"

"ಹೂಂ, ಮಧ್ಯಾಹ್ನ ಒಂದು ಗಂಟೆಗೆ ಶುರು ಮಾಡಿದ್ವಿ. ಊಟದ ಹೊತ್ತಲ್ಲಿ ಎಲ್ಲರೂ ಮನೇಲಿರ್ತಾರಲ್ಲ."

"ಯಾರ್ಯಾರಿಗೆ ಹೋಗಿದೆ?"

"ಈ ತಿಂಗಳು ಮುಚ್ಚಿರೋ ಎಲ್ಲಾ ಫೈಲಿಗೂ."

ದೊಡ್ಡಕ್ಕ ಹುಡುಗಿಯ ಕೈಯಿಂದ ಲ್ಯಾಪ್‌ಟಾಪ್ ಕಿತ್ತುಕೊಂಡು ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದಳು. ಆ ನಂಬರು ಅವಳಿಗೆ ಬಾಯಿಪಾಠ. ಇತ್ತು. ಒಂದು ಗಂಟೆ ಎಂಟು ನಿಮಿಷಕ್ಕೆ ಕರೆ ಎತ್ತಲಾಗಿದೆ. ಸಂದೇಶ ಎರಡು ಸಲ ಪೂರ್ತಿ ಕೇಳಲಾಗಿದೆ. ಉತ್ತರ: ಒಂದು.

ಟೈಲರ್ ಅಂಗಡಿಯ ನೆಪಕ್ಕೆಂದೇ ಇಟ್ಟಿದ್ದ ಫೋನಿನಿಂದ ಆ ನಂಬರು ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲ ಸ್ವಿಚ್ ಆಫ್. ಆ ಬಡಾವಣೆಯ ಪೊಲೀಸ್ ಠಾಣೆಗೆ ಮಾಡಿದಳು. ಬೀದಿಯ ಹೆಸರು ಹೇಳುತ್ತಿದ್ದ ಹಾಗೆ ಆ ಕಡೆಯವನು, "ಅಲ್ಲಿಗೆ ಆಗಲೇ ನಮ್ಮವರು ಹೋಗಿದಾರೆ, ಪಕ್ಕದ ಮನೆಯವರು ಹೇಳಿ ಕಳಿಸಿದ್ರು," ಎಂದ.

"ಆ ಹೆಂಗಸು ಹೇಗಿದಾಳೆ?"

ಅವನು, "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದ.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ದೊಡ್ಡಕ್ಕನ ಬಾಯಿಗೆ ಒಂದು ನೆಪವೂ ಬರಲಿಲ್ಲ. "ಅಕ್ಕ ಆಗ್ಬೇಕು," ಎಂದಳು.

"ಹೋಗ್ಬಿಟ್ರು ಅಮ್ಮಾ. ಬಾಗಿಲು ಒಡೆಯೋಷ್ಟರಲ್ಲೇ ಹೋಗ್ಬಿಟ್ಟಿದ್ರು. ಅವನನ್ನ ಹಿಡ್ಕೊಂಡಿದೀವಿ. ಮಗು ಒಂದಿದೆ, ಅದಕ್ಕೇನೂ ಆಗಿಲ್ಲ."

ದೊಡ್ಡಕ್ಕ ಫೋನನ್ನು ಜಾಗದಲ್ಲಿಡಲು ಹೋದಳು. ಅದು ಜಾರಿ ಕೆಳಗೆ ಬಿದ್ದು ನೇತಾಡಿತು. ಪಟ್ಟಿ ಮೇಡಂ ವಿಷಯ ತಿಳಿದು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. "ಇನ್ನೂ ಮುಗಿದಿರದ ಫೈಲನ್ನ ಯಾಕೆ ಮುಚ್ಚಿದ್ರಿ? ಯಾಕಕ್ಕಾ ಮುಚ್ಚಿದ್ರಿ?" ಎಂದು ಅದೊಂದನ್ನೇ ಕೇಳುತ್ತಿದ್ದಳು. ಮೇಲ್ವಿಚಾರಕಿ ಬಾಗಿಲು ಹಾಕಿ ಬಂದು ಪಿಸುದನಿಯಲ್ಲಿ, "ದೊಡ್ಡಕ್ಕ, ಯಾರು ಕೇಳಿದ್ರೂ ತಾಂತ್ರಿಕ ದೋಷ ಅನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದರು.

"ಯಾವ ದೋಷ ಮೇಡಂ? ಯಂತ್ರ ಹೇಳಿದ ಕೆಲಸ ಮಾಡಿದೆ. ಮುಚ್ಚು ಅಂದವರು ನೀವು, ಮುಚ್ಚಿದವಳು ನಾನು. ಹಾಗೇ ಬರೀತೀನಿ." ಬರೆದಳು ಕೂಡ. ಒಂದು ಪುಟ ತುಂಬಾ ಬರೆದು ಸಹಿ ಹಾಕಿ ಮೇಜಿನ ಮೇಲಿಟ್ಟಳು. ಉಳಿದ ಹದಿನಾಲ್ಕು ಜನರಿಗೂ ಒಬ್ಬೊಬ್ಬರದೇ ನೆಪ ಹಿಡಿದು ಫೋನ್ ಮಾಡಿದಳು. ಎಲ್ಲರೂ ಎತ್ತಿದರು. ಅದಕ್ಕೆ ದೇವರಿಗೆ ಕೈಮುಗಿಯಬೇಕೋ, ಅವನನ್ನು ಹಿಡಿದು ಬೈಯಬೇಕೋ ಅವಳಿಗೆ ತಿಳಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ಅವಳು ಶಾಲೆಯ ಹಿಂದೆ ಇರಬೇಕಿತ್ತು. ಆ ಹೊತ್ತಿಗೆ ಆಶ್ರಯ ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದಳು. ಮಗುವನ್ನು ಹಿಂದಿನ ದಿನ ಸಂಜೆಯೇ ಅಲ್ಲಿಗೆ ತಂದಿದ್ದರು. ಏಳು ವರ್ಷ. ಬಂದಾಗಿನಿಂದ ಒಂದು ಮಾತಾಡಿಲ್ಲ, ನೀರು ಬಿಟ್ಟರೆ ಏನೂ ಬಾಯಿಗೆ ಹಾಕಿಲ್ಲ. ಅಲ್ಲಿನ ಆಪ್ತಸಲಹೆಗಾರ್ತಿಗೆ ದೊಡ್ಡಕ್ಕನ ದನಿಯ ಮಹಿಮೆ ಗೊತ್ತಿತ್ತು. "ನೀವೊಂದು ಸಲ ಮಾತಾಡಿಸಿ ನೋಡಿ. ಯಾರಿಗೂ ಬಗ್ಗದವರು ನಿಮಗೆ ಬಗ್ತಾರೆ," ಎಂದು ಕರೆಸಿಕೊಂಡಿದ್ದಳು. ಆ ಫೋನ್ ಕರೆಯ ವಿಷಯ ಸಲಹೆಗಾರ್ತಿಗೆ ಇನ್ನೂ ತಿಳಿದಿರಲಿಲ್ಲ. ಒಳಗೆ ಹೋಗುವ ಯೋಗ್ಯತೆ ತನಗಿಲ್ಲ ಅನಿಸಿತು ದೊಡ್ಡಕ್ಕನಿಗೆ. ಹೋಗದೆ ಇರುವ ಯೋಗ್ಯತೆಯೂ ತನಗಿಲ್ಲ ಅನಿಸಿ ಎದ್ದಳು.

ಕೋಣೆಯಲ್ಲಿ ನಾಲ್ಕು ಮಂಚ, ಒಂದು ಕಿಟಕಿ. ಮಗು ಮೂಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿತ್ತು. ದೊಡ್ಡಕ್ಕ ಪಕ್ಕದ ಮಂಚದಲ್ಲಿ ಕೂತು, "ಪುಟ್ಟಿ, ಸ್ವಲ್ಪ ಹಾಲು ಕುಡೀತೀಯಾ?" ಎಂದಳು.

ಮಗು ಗಕ್ಕನೆ ತಿರುಗಿತು. ದೊಡ್ಡಕ್ಕನ ಬಾಯನ್ನೇ ನೋಡಿತು.

"ಫೋನಲ್ಲಿ ಮಾತಾಡಿದ್ದು ನೀವೇನಾ?"

ಇಲ್ಲ ಎಂದುಬಿಡಬಹುದಿತ್ತು. ಒಂದೇ ಒಂದು ಸುಳ್ಳು. ಅವಳಿಗೇನು ಸುಳ್ಳಿಗೆ ಬರವೇ?

"ಹೂಂ ಮಗಳೇ. ನಾನೇ."

"ಅಪ್ಪ ಅದನ್ನ ಜೋರಾಗಿ ಇಟ್ರು. ಯಾರೇ ಇವಳು, ಯಾರೇ ಇವಳು ಅಂತ ಅಮ್ಮನ್ನ..." ಮಗು ಬೆರಳಿನಿಂದ ಹಾಸಿಗೆಯ ಮೇಲೆ ಒತ್ತಿ ತೋರಿಸಿತು. "ಫೋನ್ ಕೆಳಗೆ ಬಿತ್ತು. ನೀವು ಇನ್ನೂ ಮಾತಾಡ್ತಾನೇ ಇದ್ರಿ. ನಿಮ್ಮ ಜೊತೆಗಿದೆ ಅಂದ್ರಿ. ಒಂದನ್ನ ಒತ್ತಿ ಅಂದ್ರಿ. ನಾನು ಮಂಚದ ಕೆಳಗಿಂದ ಕೈ ಹಾಕಿ ಒತ್ತಿದೆ."

ದೊಡ್ಡಕ್ಕ ಮಂಚದ ಅಂಚಿಗೆ ಸರಿದಳು.

"ಒತ್ತಿದ್ಮೇಲೆ ಧನ್ಯವಾದ ಅಂತ ಬಂತು. ನೀವು ಬರ್ತೀರಾ ಅಂತ ನಾನು ಬಾಗಿಲನ್ನೇ ನೋಡ್ತಿದ್ದೆ." ಮಗುವಿನ ದನಿ ಸಣ್ಣದಾಯಿತು. "ನಾನು ಎರಡನ್ನ ಒತ್ತಬೇಕಿತ್ತಾ?"

ದೊಡ್ಡಕ್ಕ ಮಂಚದಿಂದ ಇಳಿದು ನೆಲದ ಮೇಲೆ ಕೂತಳು, ಮಗುವಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇಲ್ಲ ಕಂದ. ನೀನು ಸರಿಯಾಗೇ ಒತ್ತಿದೆ. ಎಲ್ಲ ಸರಿಯಾಗೇ ಮಾಡಿದೆ ನೀನು. ತಪ್ಪು ನಂದು," ಎಂದಳು. ಮಗು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆ ಮಾತನ್ನು ನಂಬಿದ ಹಾಗೆ ಕಾಣಲಿಲ್ಲ. ದೊಡ್ಡಕ್ಕ ಅದನ್ನೇ ಮತ್ತೆ ಹೇಳಿದಳು, ಮತ್ತೆ ಹೇಳಿದಳು, ಹೇಳುತ್ತಲೇ ಇದ್ದಳು.