ಕೈಮಡದ ಕ್ಯಾಮೆರಾದಲ್ಲಿ ಕಂಡವರು

ಕುಸುಮಾಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮೂರ್ನಾಡಿಗೆಲ್ಲ ಗೊತ್ತು. ಅಲ್ಲಿ ಅವಳದೊಂದು ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡಿಕೊಡುತ್ತಾಳೆ. ಕ್ಯಾಮೆರಾಕ್ಕೆ ಅಡ್ಡ ನಿಂತವನು ಮದುಮಗನ ಸೋದರಮಾವನೇ ಆದರೂ ಬಿಡುವವಳಲ್ಲ. ಆ ಭಾನುವಾರ ತಂಗಿಯ ಮನೆಯಿರುವ ಮಾದಾಪುರದವರೆಗೆ ಸ್ಕೂಟರ್ ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಅವಳು ಬೈದದ್ದು ಒಬ್ಬನನ್ನೇ, ತಂಗಿ ಸುಮಿತಾಳ ಗಂಡನ ಅಣ್ಣ ಧರ್ಮೇಂದ್ರನನ್ನು.

ಸುಮಿತಾಳ ಗಂಡ ಸಿದ್ಧಾರ್ಥ ಎದೆನೋವಿನಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈಗ ಸೋಮವಾರಪೇಟೆಯ ತೀರ್ಥಪ್ರಸಾದ್ ಅವಳನ್ನು ಮದುವೆಯಾಗುತ್ತೇನೆ ಎಂದಿದ್ದ, ಅವಳೂ ಒಪ್ಪಿದ್ದಳು. ಇವರ ಜನದಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದು ಹೊಸತೇನಲ್ಲ, ಹಾಗಾಗಿ ಬಾಯಿಬಿಟ್ಟು ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಆ ವಿಡಿಯೊ ಬಂತು. ತೋಟದ ಅಂಚಿನಲ್ಲಿ ಸಿದ್ಧಾರ್ಥನ ಕುಟುಂಬದ ಕೈಮಡ, ಅಂದರೆ ಹಿರಿಯರ ಗುಡಿ. ಅಲ್ಲಿಯ ಹಿತ್ತಾಳೆ ದೀಪ ಕಳುವಾದ ಮೇಲೆ ಕ್ಯಾಮೆರಾ ಹಾಕಿಸಿದ್ದರು. ಒಂದು ರಾತ್ರಿ ಅದರಲ್ಲಿ ಬಿಳಿಯಾಗಿ ಏನೋ ನಡೆದು ಹೋಗಿತ್ತು, ಅದೂ ಕುಂಟುತ್ತ. ಜೀಪಿನಿಂದ ಬಿದ್ದ ಮೇಲೆ ಸಿದ್ಧಾರ್ಥನೂ ಕುಂಟುತ್ತಿದ್ದ. 'ತಮ್ಮ ಬಂದಿದ್ದಾನೆ, ಅವನಿಗೆ ಈ ಮದುವೆ ಬೇಡ' ಎಂದು ಧರ್ಮೇಂದ್ರ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಆ ಗುಂಪಿನಲ್ಲಿ ತುಂಬಾ ಇದ್ದರು.

ಕುಟುಂಬದ ಹಿರಿಯರಾದ ಪಟ್ಟೆದಾರ್ ಅಜ್ಜ ತೀರ್ಮಾನ ಹೇಳಿದ್ದರು: ವಿಡಿಯೊ ಸುಳ್ಳಾದರೆ ಮದುವೆ ನಡೆಯಲಿ, ನಿಜವಾದರೆ ತೀರ್ಥಪ್ರಸಾದನ ಮನೆಗೆ ಬೇಡವೆಂದು ಹೇಳಿ ಕಳಿಸುವುದು. ನೋಡಿ ಹೇಳಲು ಕುಸುಮಾಳೇ ಬರಲಿ, ಅವಳಿಗೆ ಆ ಕೆಲಸ ಗೊತ್ತು.

ಅವಳು ಒಳಗೆ ಬಂದಾಗ ಹಾಲ್ ತುಂಬಾ ಜನ. ಸಿದ್ಧಾರ್ಥನ ತಾಯಿ ಮುದ್ದಮ್ಮ ಮೂಲೆಯಲ್ಲಿ ಕೂತು ಮಡಿಲಲ್ಲಿದ್ದ ಮೊಮ್ಮಗಳು ಅನುಪಮಾಳ ತಲೆ ಸವರುತ್ತಿದ್ದರು. ಒಂದನೇ ಕ್ಲಾಸಿನ ಮಗು, ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಸುಮಿತಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೂರು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಕಂಪ್ಯೂಟರಲ್ಲಿ ಮಾಡಿದ್ದು ಅಂತ ಹೇಳ್ಲಿಕ್ಕೇ ಬಂದದ್ದಲ್ವಾ ನೀನು?" ಎಂದ ಧರ್ಮೇಂದ್ರ.

"ಅಲ್ಲ ಭಾವ, ನಿಮ್ಮ ಕಾಫಿ ಕುಡಿಲಿಕ್ಕೆ ಬಂದದ್ದು. ಅದೂ ಕೊಟ್ಟಿಲ್ಲ."

ಅವಳು ಕ್ಯಾಮೆರಾದ ರೆಕಾರ್ಡರ್ ಪೆಟ್ಟಿಗೆಯನ್ನೇ ತರಿಸಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಹಿಂದೆ ಮುಂದೆ ಓಡಿಸಿದಳು, ಬಿಡಿ ಬಿಡಿಯಾಗಿ ನಿಲ್ಲಿಸಿ ನೋಡಿದಳು. ಎಲ್ಲೂ ಕತ್ತರಿಸಿರಲಿಲ್ಲ, ಎಲ್ಲೂ ಸೇರಿಸಿರಲಿಲ್ಲ. ಅವಳು ಬಾಗಿಲಲ್ಲಿದ್ದ ತಂಗಿಯ ಕಡೆ ನೋಡಿದಳು. ಆದರೆ ಕೆಲಸದಲ್ಲಿ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ವಿಡಿಯೊ ಅಸಲಿ" ಎಂದಳು.

ಧರ್ಮೇಂದ್ರ ತೊಡೆ ತಟ್ಟಿದ. "ಕೇಳಿದ್ರಲ್ಲ! ಅವಳ ಬಾಯಿಂದಲೇ ಬಂತು!"

"ಹಾಗಾದ್ರೆ ಆಯ್ತು. ಸೋಮವಾರಪೇಟೆಗೆ ಫೋನ್ ಮಾಡಿ" ಎಂದರು ಅಜ್ಜ.

ಸುಮಿತಾ ಅಕ್ಕನನ್ನು ನೋಡಿದ ನೋಟ ಕುಸುಮಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ನಿಲ್ಲಿ" ಎಂದು ಕೂಗಿದಳು. "ವಿಡಿಯೊ ಅಸಲಿ ಅಂದೆ. ದೆವ್ವ ಅಸಲಿ ಅಂದೆನಾ?"

ಮತ್ತೆ ಹಾಕಿದಳು. ಕೈಮಡದ ಮುಂದಿನ ಹಾಸುಗಲ್ಲು. ತಲೆಯಿಂದ ಕೆಳಗಿನವರೆಗೆ ಬಿಳಿ ಹೊದ್ದ ಆಕೃತಿಯೊಂದು ಚಿತ್ರದ ಕೆಳಗಿನ ಅಂಚಿಗೆ ಬಂದು ನಿಲ್ಲುತ್ತದೆ, ಪಾದ ಕಾಣುವುದಿಲ್ಲ. ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಬಲಕ್ಕೆ ವಾಲುತ್ತದೆ. ಆಮೇಲೆ ಕಲ್ಲಿನ ಮೇಲೆ ಹೆಜ್ಜೆಯಿಟ್ಟು ಗುಡಿಯ ಬಾಗಿಲವರೆಗೆ ಹೋಗಿ, ಪಕ್ಕದ ಕತ್ತಲೆಗೆ ಸೇರುತ್ತದೆ.

ಕುಂಟುವವನು ಒಂದೇ ಕಾಲಲ್ಲಿ ಕುಂಟುತ್ತಾನೆ, ನಡೆದಷ್ಟು ದೂರವೂ ಕುಂಟುತ್ತಾನೆ. ಇದು ಎರಡೂ ಕಾಲಿಗೆ ಒಂದೊಂದು ಸಲ ವಾಲಿ, ಕಲ್ಲು ಹತ್ತಿದ ಮೇಲೆ ನೆಟ್ಟಗೆ ನಡೆದಿತ್ತು. ಇಂಥ ವಾಲಾಟವನ್ನು ದಿನಾ ಎಲ್ಲೋ ನೋಡುತ್ತೇನಲ್ಲ ಎಂದು ಕುಸುಮಾ ತಲೆ ಕೆರೆದುಕೊಂಡಳು. ಬಾಗಿಲಾಚೆ ಮೆಟ್ಟಿಲ ಬಳಿ ಸಾಲಾಗಿ ಬಿದ್ದಿದ್ದ ಗಂಬೂಟುಗಳ ಮೇಲೆ ಕಣ್ಣು ಬಿತ್ತು. ಎದ್ದು ನಿಂತಳು.

"ಅಜ್ಜ, ಎಲ್ಲರೂ ಕೈಮಡಕ್ಕೆ ಬರ್ಲಿ. ಉಳಿದದ್ದು ಅಲ್ಲೇ ಹೇಳ್ತೇನೆ."

"ಎಂಥ ನಾಟಕ ಇದು!" ಎಂದು ಧರ್ಮೇಂದ್ರ ಹಲ್ಲು ಕಡಿದ. ಆದರೂ ಹೊರಟ.

ಜಿಗಣೆಯ ಕಾಲ, ಎಲ್ಲರ ಕಾಲಲ್ಲೂ ಗಂಬೂಟು. ಕುಸುಮಾ ಮುಂದೆ ಓಡಿಹೋಗಿ ಕ್ಯಾಮೆರಾ ಇದ್ದ ಕಂಬದ ಬುಡದಲ್ಲಿ ಫೋನ್ ಎತ್ತಿ ಹಿಡಿದು ನಿಂತಳು. ಒಬ್ಬೊಬ್ಬರಾಗಿ ಬಂದರು. ಹಾಸುಗಲ್ಲಿನ ಅಂಚಿನಲ್ಲಿ ನಿಂತು, ಒಂದು ಕಾಲ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ ಬೂಟು ಬಿಚ್ಚಿ, ಬರಿಗಾಲಲ್ಲಿ ಕಲ್ಲು ಹತ್ತಿದರು. ಯಾರೂ ಅದನ್ನು ಯೋಚಿಸಿ ಮಾಡಲಿಲ್ಲ. ಹುಟ್ಟಿದಾಗಿನಿಂದ ಹಾಗೇ ಮಾಡಿದವರು.

ಅವಳು ಫೋನನ್ನು ಅಜ್ಜನ ಮುಂದೆ ಹಿಡಿದಳು. ಬಿಳಿ ಪಂಚೆಯ ಅಜ್ಜ ಅದರಲ್ಲಿ ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ ವಾಲಿದರು, ಆಮೇಲೆ ನೆಟ್ಟಗೆ ನಡೆದರು. ವಾಲುವಾಗ ಪಾದ ಅದರಲ್ಲೂ ಕಾಣುತ್ತಿರಲಿಲ್ಲ.

"ಸತ್ತವರಿಗೆ ಗಂಬೂಟು ಯಾಕೆ ಅಜ್ಜ? ಅವರಿಗೆ ಜಿಗಣೆ ಹತ್ತುತ್ತದಾ? ಇದು ನಮ್ಮವರೇ ಯಾರೋ. ವೇಷ ಹಾಕ್ಲಿಕ್ಕೆ ನಾಚಿಕೆ ಇಲ್ಲ, ಆದ್ರೆ ಹಿರಿಯರ ಕಲ್ಲನ್ನು ಬೂಟಲ್ಲಿ ಮೆಟ್ಲಿಕ್ಕೆ ಮನಸ್ಸು ಬರ್ಲಿಲ್ಲ." ಅವಳು ಧರ್ಮೇಂದ್ರನ ಕಡೆ ತಿರುಗಿದಳು. "ಸಾಕು ಭಾವ. ತಮ್ಮನ ಹೆಸರಲ್ಲಿ ಎಷ್ಟು ಆಟ ಆಡ್ತೀರಿ?"

ಧರ್ಮೇಂದ್ರನ ಮುಖ ಕೆಂಪಾಯಿತು. ಸರಸರನೆ ಹೋಗಿ ಕೈಮಡದ ಹೊಸ್ತಿಲ ಮೇಲೆ ಅಂಗೈ ಇಟ್ಟ. "ಹಿರಿಯರಾಣೆ, ನಾನಲ್ಲ! ಅವನು ಬಂದ ಅಂತ ನಾನು ಅತ್ತಿದ್ದೇನೆ, ಗೊತ್ತುಂಟಾ ನಿಂಗೆ? ಕೂತು ಅತ್ತಿದ್ದೇನೆ!" ಹೊಸ್ತಿಲಿನಿಂದ ಕೈ ತೆಗೆಯಲೇ ಇಲ್ಲ. ಅವನು ಹೇಳಿದ್ದು ನಿಜ ಎಂದು ಕುಸುಮಾಳಿಗೆ ಗೊತ್ತಾಯಿತು, ನಾಲಿಗೆ ಕಚ್ಚಿಕೊಂಡಳು.

"ಹಾಗಾದ್ರೆ ಎಲ್ಲರೂ ಆಣೆ ಹಾಕಿ, ಒಬ್ಬೊಬ್ಬರಾಗಿ" ಎಂದರು ಅಜ್ಜ.

ಎಲ್ಲರೂ ಹಾಕಿದರು. ಮಗುವಿನ ಕೈ ಹಿಡಿದು ಬಂದಿದ್ದ ಸುಮಿತಾಳೂ ಹಾಕಿದಳು. ಕಡೆಗೆ ಉಳಿದವರು ಮುದ್ದಮ್ಮ. ಅವರು ಹಾಸುಗಲ್ಲಿನ ಹೊರಗೇ ನಿಂತಿದ್ದರು. ಕಾಲಿನ ಬೂಟು ಬಿಚ್ಚಿರಲಿಲ್ಲ.

"ನಾನು ಹತ್ತಲ್ಲ. ಇಲ್ಲಿಂದಲೇ ಹೇಳ್ತೇನೆ" ಎಂದರು. "ನಾನೇ."

ಧರ್ಮೇಂದ್ರ "ಅಮ್ಮಾ" ಎಂದ. ಅವರು ಅವನ ಕಡೆ ನೋಡಲೂ ಇಲ್ಲ.

"ನಾನೇನೂ ಕುಂಟ್ಲಿಲ್ಲ. ಕುಂಟಿದ್ದು ಕಂಡದ್ದು ನಿಮ್ಮ ಕಣ್ಣಿಗೆ. ಸಿದ್ಧುದು ಅಂತ ನಂಗೆ ಉಳಿದದ್ದು ಆ ಮಗು ಒಂದೇ. ಇವಳು ಯಾರನ್ನು ಬೇಕಾದ್ರೂ ಕಟ್ಟಿಕೊಳ್ಳಲಿ, ಮಗುವನ್ನ ಬಿಟ್ಟು ಹೋಗ್ತಾಳಾ? ಹೋಗಲ್ಲ. ಮತ್ತೆ ಎಂಥ ಮಾಡ್ಬೇಕಿತ್ತು ನಾನು, ಇವಳ ಕಾಲು ಹಿಡಿಬೇಕಿತ್ತಾ?"

"ಕೇಳಿದ್ರೆ ಸಾಕಿತ್ತು ಅತ್ತೆ." ಸುಮಿತಾಳ ದನಿ ಏರಲಿಲ್ಲ. "ಪರೀಕ್ಷೆ ಮುಗಿಯುವವರೆಗೆ ಅನು ನಿಮ್ಮ ಹತ್ರವೇ ಇರ್ಲಿ, ರಜೆಗೆಲ್ಲ ಇಲ್ಲಿಗೇ ಬರ್ಲಿ ಅಂತ ತೀರ್ಥಪ್ರಸಾದರನ್ನ ಒಪ್ಪಿಸಿದ್ದೆ. ನಿಮಗೆ ಹೇಳ್ಬೇಕು ಅನ್ನುವಷ್ಟರಲ್ಲಿ ಆ ವಿಡಿಯೊದಲ್ಲಿ ನಿಮ್ಮ ಮಗ ಬಂದ. ಆವತ್ತಿಂದ ದಿನಾ ಅನು ಹೆದರಿ ಹಾಸಿಗೆ ಒದ್ದೆ ಮಾಡ್ತಾಳೆ. ಬೆಳಗ್ಗೆ ಆ ಬೆಡ್‌ಶೀಟ್ ಒಗೆದದ್ದು ನೀವು. ಒಗೆಯುವಾಗಲೂ ಬಾಯಿ ಬಿಡಲಿಲ್ಲ ಅಲ್ವಾ? ಇನ್ನು ಇವಳನ್ನ ಇಲ್ಲಿ ಬಿಡಲ್ಲ. ಒಂದು ದಿನಕ್ಕೂ ಬಿಡಲ್ಲ."

ಮದುವೆ ನಡೆಯಲಿ ಎಂದು ಅಜ್ಜ ತಲೆ ತಗ್ಗಿಸಿಕೊಂಡೇ ಹೇಳಿದರು. ಗೆದ್ದವಳು ಕುಸುಮಾ, ಆದರೆ ಅವಳಿಗೆ ಖುಷಿಯಾಗಲಿಲ್ಲ. "ತಪ್ಪಾಯ್ತು ಭಾವ" ಎಂದಳು. ಧರ್ಮೇಂದ್ರ ಮುಖ ತಿರುಗಿಸಿಕೊಂಡ.

ಮುದ್ದಮ್ಮ ಮೊಮ್ಮಗಳ ಕಡೆ ಕೈ ಚಾಚಿದರು. "ಬಾ ಅನು, ಮನೆಗೆ ಹೋಗುವ."

ಮಗು ಆ ಕೈಯನ್ನು ನೋಡಿತು. "ಅಮ್ಮಾ, ಬಿಳಿ ಹೊದ್ಕೊಂಡು ಬಂದದ್ದು ಅಜ್ಜಿಯಾ?" ಎಂದು ಕೇಳಿತು. ಅದು ಮೆಲ್ಲನೆ ಹಿಂದೆ ಸರಿದು ಸುಮಿತಾಳ ಬೆನ್ನ ಹಿಂದೆ ಅಡಗಿಕೊಂಡಿತು. ಮುದ್ದಮ್ಮ ಇನ್ನೊಮ್ಮೆ ಕರೆದರು, ಬರಲಿಲ್ಲ. ಇಷ್ಟು ದಿನ ಹೆದರಿಕೆಯಾದಾಗಲೆಲ್ಲ ಆ ಮಗು ಓಡಿಹೋಗಿ ಅವುಚಿಕೊಳ್ಳುತ್ತಿದ್ದದ್ದು ಈ ಅಜ್ಜಿಯನ್ನೇ.